ನೆರೆಯ ಹಾವಸೆಯಿಂದ ಅನುಮತಿಯಿಲ್ಲದೆ ವಂಶವಾಹಿ ಪಡೆದ ಜರೀಗಿಡದ ಬಗ್ಗೆ

ಸಸ್ಯೋದ್ಯಾನ ಇಲಾಖೆ
(ಸಿಬ್ಬಂದಿ ಶಾಖೆ, ಎರಡನೇ ಮಹಡಿ, ಮೆಟ್ಟಿಲು ಹತ್ತಿದ ಕೂಡಲೇ ಎಡಕ್ಕೆ)

ಸಂಖ್ಯೆ: ಸಸ್ಯೋ/ಸಿಬ್ಬಂದಿ/ಅವ/೪೧/ಜರೀ
ದಿನಾಂಕ: ಮೊಹರಿನಲ್ಲಿ ಇರುವಂತೆ (ಮೊಹರು ಮಸುಕಾಗಿದ್ದಲ್ಲಿ ಶಾಖೆಯಲ್ಲಿ ವಿಚಾರಿಸುವುದು)

ಸುತ್ತೋಲೆ

ವಿಷಯ: ಸಸ್ಯಗಳು ಮತ್ತು ಸಿಬ್ಬಂದಿ ವರ್ಗದವರು ತಂದೆತಾಯಿಗಳಿಂದಲ್ಲದೆ ಪಕ್ಕದವರಿಂದ ಗುಣಲಕ್ಷಣ ಪಡೆಯುವುದನ್ನು ಕ್ರಮಬದ್ಧಗೊಳಿಸುವ ಕುರಿತು.

ಉಲ್ಲೇಖ:
(೧) ಪ್ರಯೋಗಾಲಯದ ಸಸ್ಯವಿಜ್ಞಾನಿಯವರ ಪತ್ರ.
(೨) ಈ ಶಾಖೆಯ ವರ್ಗಾವಣೆ ನಿಷೇಧ ಆದೇಶ.
(೩) ನಾಮಫಲಕ ಬರೆಯುವವರ ಹೇಳಿಕೆ, ಹಾಗೂ ಅವರು ಮರುದಿನ ತಾವಾಗಿಯೇ ಬಂದು ಬರೆಸಿದ ಮುಂದುವರಿದ ಹೇಳಿಕೆ.
(೪) ನೆರಳುಮನೆಗೆ ನೀರು ಹಾಯಿಸುವವರ ಹೇಳಿಕೆ (ಮೂರು ಸಾಲು).

ಪ್ರಸ್ತಾವನೆ

ಗಿಡಗಳಲ್ಲಿ ಗುಣಗಳು ಮೇಲಿನಿಂದ ಕೆಳಕ್ಕೆ, ಅಂದರೆ ತಾಯಿಗಿಡದಿಂದ ಮರಿಗಿಡಕ್ಕೆ, ಇಲಾಖೆಯಲ್ಲಿ ಆದೇಶಗಳು ಇಳಿದು ಬರುವ ಹಾಗೆಯೇ ಇಳಿದು ಬರುವುದು ಪದ್ಧತಿ. ಆದರೆ ಅಪರೂಪಕ್ಕೆ ಒಂದು ಜಾತಿಯ ಗಿಡದ ವಂಶವಾಹಿಯು ನಂಟಸ್ತಿಕೆಯೇ ಇಲ್ಲದ ಬೇರೊಂದು ಜಾತಿಯ ಗಿಡದೊಳಕ್ಕೆ ಪಕ್ಕದ ಬಾಗಿಲಿನಿಂದ ನುಸುಳಿ ಅಲ್ಲಿಯೇ ತಳವೂರುವುದುಂಟೆಂದೂ, ಇದನ್ನು ವಿಜ್ಞಾನಿಗಳು ‘ಅಡ್ಡ ವರ್ಗಾವಣೆ’ ಎನ್ನುತ್ತಾರೆಂದೂ ಉಲ್ಲೇಖ (೧)ರ ಪತ್ರದಿಂದ ತಿಳಿದುಬಂದಿದೆ. ನೆರಳುಮನೆಯ ಜರೀಗಿಡಗಳು ಮಂದ ಬೆಳಕನ್ನು ಗುರುತಿಸಲು ಬಳಸುತ್ತಿರುವ ವಂಶವಾಹಿಯು ಅವುಗಳ ಸ್ವಂತದ್ದಲ್ಲ; ಕಲ್ಲಿಗೆ ಅಂಟಿಕೊಂಡು ಬೆಳೆದು ಸಣ್ಣ ಕೊಂಬುಗಳನ್ನು ನಿಲ್ಲಿಸುವ ಕೊಂಬುಹಾವಸೆಯ ಪೂರ್ವಜರಿಂದ ಅದು ಸುಮಾರು ಹದಿನೆಂಟು ಕೋಟಿ ವರ್ಷಗಳ ಹಿಂದೆ ಜರೀಗಿಡಗಳ ಪೂರ್ವಜರಿಗೆ ಅಡ್ಡಲಾಗಿ ಬಂದಿರಬೇಕೆಂದು ಅಂದಾಜು; ನಾಮಫಲಕದಲ್ಲಿ ಈ ಬಗ್ಗೆ ಒಂದು ಸಾಲು ಸೇರಿಸಿದರೆ ನೋಡಲು ಬಂದವರಿಗೆ ಕುತೂಹಲವಾದೀತು ಎಂದು ವಿಜ್ಞಾನಿಯವರು ಸದರಿ ಪತ್ರದಲ್ಲಿ ಬರೆದಿದ್ದರು.

ಈ ಪತ್ರವು ಮೊದಲು ಟಪಾಲು ಗುಮಾಸ್ತರ ಕೈ ಸೇರಿತು. ಇವರು ಪ್ರತಿ ಪತ್ರದಲ್ಲಿ ಒಂದೇ ಒಂದು ಪದವನ್ನು ಓದಿ, ಅದು ಯಾವ ಶಾಖೆಗೆ ಹೋಗಬೇಕೆಂದು ನಿರ್ಧರಿಸುವವರು. ಈ ಪತ್ರದಲ್ಲಿ ಅವರ ಕಣ್ಣಿಗೆ ಬಿದ್ದ ಪದ ‘ವರ್ಗಾವಣೆ’. ಆಗ ಉಲ್ಲೇಖ (೨)ರ ಆದೇಶದಂತೆ ಎಲ್ಲ ವರ್ಗಾವಣೆಗಳೂ ನಿಷೇಧದಲ್ಲಿದ್ದವು. ಹೀಗಾಗಿ ಪತ್ರವು ‘ತುರ್ತು’ ಎಂಬ ಕೆಂಪು ಚೀಟಿಯೊಂದಿಗೆ ಸಿಬ್ಬಂದಿ ಶಾಖೆಗೆ ಬಂದು, ನಿಷೇಧ ಜಾರಿಯಲ್ಲಿರುವಾಗಲೇ ನೆರಳುಮನೆಯಲ್ಲಿ ಯಾರೋ ಅಡ್ಡದಾರಿಯಿಂದ ವರ್ಗಾವಣೆ ಮಾಡಿಸಿಕೊಂಡಿದ್ದಾರೆಂದು ಕಡತ ತೆರೆಯಲಾಯಿತು. ಜರೀಗಿಡಕ್ಕೆ ಕಾರಣ ಕೇಳುವ ನೋಟಿಸನ್ನು ಕುಂಡಕ್ಕೆ ಅಂಟಿಸಲಾಯಿತು. ಏಳು ದಿನಗಳಲ್ಲಿ ಉತ್ತರ ಬಾರದ ಕಾರಣ ನೆನಪೋಲೆ ಅಂಟಿಸಲಾಯಿತು. ಮೂರನೆಯ ನೆನಪೋಲೆಗೆ ತೋಟದ ಮೇಸ್ತ್ರಿಯವರು, ಸದರಿ ನೌಕರರಿಗೆ ಬಾಯಿಲ್ಲವೆಂದು ಷರಾ ಬರೆದು ಹಿಂತಿರುಗಿಸಿದರು. ವಿಷಯ ಏನೆಂಬುದು ಅಂದು ಬೆಳಕಿಗೆ ಬಂದರೂ, ಅಷ್ಟರಲ್ಲಿ ಕಡತವು ಅರವತ್ತೆರಡು ಪುಟ ಬೆಳೆದಿತ್ತು. ಅಷ್ಟು ಬೆಳೆದದ್ದನ್ನು ಬುಡಸಮೇತ ಕಿತ್ತು ಹಾಕುವುದು ಉದ್ಯಾನ ಇಲಾಖೆಯ ಧರ್ಮಕ್ಕೆ ಒಪ್ಪುವ ಮಾತಲ್ಲ. ಆದ್ದರಿಂದ ನೆರಳುಮನೆಯ ಇನ್ನೂರ ಹದಿನಾಲ್ಕು ಜರೀಗಿಡಗಳ ಫಲಕಗಳನ್ನು ‘ದೃಷ್ಟಿ: ಪರರದ್ದು’ ಎಂಬ ಒಕ್ಕಣೆಯೊಂದಿಗೆ ಹೊಸದಾಗಿ ಬರೆಸತಕ್ಕದ್ದೆಂದೂ, ಅಕ್ರಮ ಮರುಕಳಿಸದಂತೆ ಮೊದಲ ಫಲಕವನ್ನು ಮೂವರ ಸಮಿತಿಯ ಸಮಕ್ಷಮದಲ್ಲಿ ಬರೆಸತಕ್ಕದ್ದೆಂದೂ ತೀರ್ಮಾನಿಸಲಾಯಿತು.

ಸಮಿತಿಯ ಉದ್ದೇಶ ಅಷ್ಟೇ ಆಗಿತ್ತು. ಇದರಿಂದ ಒಬ್ಬರ ನಿದ್ದೆ ಕೆಡುತ್ತದೆಂದು ಸಮಿತಿಗೆ ತಿಳಿದಿರಲಿಲ್ಲ.

ಆ ಒಬ್ಬರು ನಾಮಫಲಕ ಬರೆಯುವವರು. ಇವರನ್ನು ಉದ್ಯಾನದಲ್ಲಿ ಎಲ್ಲರೂ ಬೋರ್ಡಪ್ಪ ಎಂದು ಕರೆಯುವುದು ರೂಢಿ. ಸೇವಾಪುಸ್ತಕದಲ್ಲಿ ಬೇರೆ ಹೆಸರಿದ್ದು, ಅದನ್ನು ಯಾರೂ ಬಳಸಿದ ಬಗ್ಗೆ ದಾಖಲೆ ಇರುವುದಿಲ್ಲ. ಮೂವತ್ತೊಂದು ವರ್ಷಗಳಿಂದ ಈ ಉದ್ಯಾನದ ಪ್ರತಿಯೊಂದು ಮರ, ಗಿಡ, ಬಳ್ಳಿಯ ಹೆಸರನ್ನು ಹಸಿರು ತಗಡಿನ ಮೇಲೆ ಬಿಳಿ ಬಣ್ಣದಲ್ಲಿ ಬರೆದವರು ಇವರೇ. ಇವರ ಅಕ್ಷರಕ್ಕೊಂದು ಗುರುತಿದೆ. ದೀರ್ಘ ಬಂದಲ್ಲೆಲ್ಲ ಅದರ ಬಾಲವನ್ನು ನೇರ ಬಿಡದೆ ಒಳಕ್ಕೆ ಸುರುಳಿ ಸುತ್ತುತ್ತಾರೆ. ನೋಡಿದರೆ ಆಗ ತಾನೇ ಮಣ್ಣು ಬಿಟ್ಟೆದ್ದ ಜರೀಚಿಗುರಿನ ಹಾಗೆ. ಇದು ಅಕ್ಷರಮಾಲೆಯಲ್ಲಿ ಇಲ್ಲದ ಸುರುಳಿ. ಮೂವತ್ತೊಂದು ವರ್ಷಗಳಲ್ಲಿ ಯಾರೂ ಇದನ್ನು ತಪ್ಪೆಂದು ಬರೆದಿಲ್ಲ, ಚೆನ್ನಾಗಿದೆಯೆಂದೂ ಬರೆದಿಲ್ಲ.

ಮೂರು ವರ್ಷಗಳ ಕೆಳಗೆ ಬೋರ್ಡಪ್ಪನವರ ಬಲಗೈ ನಡುಗತೊಡಗಿತು. ಮೊದಮೊದಲು ಚಳಿಯೆಂದುಕೊಂಡರು. ಬಿಸಿಲುಕಾಲ ಬಂದರೂ ಚಳಿ ಬಿಡದೆ ಹೋದಾಗ ವೈದ್ಯರ ಬಳಿ ಹೋದರು. ನರದ ದೋಷವೆಂದು ಗುಳಿಗೆ ಕೊಟ್ಟರು. ಗುಳಿಗೆಯಿಂದ ಅಂಗಿಯ ಗುಂಡಿ ಹಾಕಿಕೊಳ್ಳಲು ಅನುಕೂಲವಾಯಿತು, ಕುಂಚಕ್ಕೆ ಆಗಲಿಲ್ಲ. ಬರೆಯಹೊರಟ ಗೆರೆ ಹಾವಿನಂತೆ ಹೊರಳಿ, ಅಕ್ಷರ ಮುಗಿಯುವ ಮುನ್ನವೇ ತಗಡು ಬಿಟ್ಟು ಇಳಿದುಹೋಗುತ್ತಿತ್ತು. ಇದನ್ನು ಅವರು ಕಚೇರಿಯಲ್ಲಿ ಹೇಳಲಿಲ್ಲ. ಮನೆಯಲ್ಲೂ ಹೇಳಲಿಲ್ಲ. ಅಂಬುಲೆನ್ಸ್ ಓಡಿಸುವ ಮಗನಿಗೆ ಹೇಳುವುದಂತೂ ದೂರದ ಮಾತು. ಆ ಮಗನನ್ನು ಚಿಕ್ಕಂದಿನಲ್ಲಿ ಎರಡು ಬೇಸಿಗೆ ಪಕ್ಕದಲ್ಲಿ ಕೂರಿಸಿಕೊಂಡು ಅಕ್ಷರ ತಿದ್ದಿಸಿದ್ದರು. ಕೈ ಕಲ್ಲಿನಂತೆ ಸ್ಥಿರವಾಗಿದ್ದರೂ ಅಕ್ಷರ ಮಾತ್ರ ಕೋಳಿ ಕೆದರಿದ ಹಾಗೆ ಬರುತ್ತಿತ್ತು. ಮೂರನೇ ಬೇಸಿಗೆಗೆ ಅಪ್ಪ ಮಗ ಇಬ್ಬರೂ ಜಗಳವಿಲ್ಲದೆ ಕೈಬಿಟ್ಟಿದ್ದರು.

ಆ ಬಳಿಕವೂ ಹೊಸ ಫಲಕಗಳು ಎಂದಿನಂತೆ, ಅದೇ ಅಕ್ಷರದಲ್ಲಿ, ಅದೇ ಸುರುಳಿಯೊಂದಿಗೆ ನಿಗದಿತ ದಿನಕ್ಕೆ ಸಿದ್ಧವಾಗುತ್ತ ಬಂದವು. ಮೂರು ವರ್ಷಗಳಲ್ಲಿ ಇಂಥ ಫಲಕಗಳು ಮುನ್ನೂರ ನಲವತ್ತು. ಉದ್ಯಾನ ನೋಡಲು ಬಂದ ಶಾಲಾ ಶಿಕ್ಷಕರೊಬ್ಬರು, ಈಚೆಗೆ ನಿಮ್ಮ ಅಕ್ಷರಕ್ಕೆ ಪ್ರಾಯ ಬಂದಿದೆ ಎಂದು ಬೋರ್ಡಪ್ಪನವರ ಎದುರಿಗೇ ಹೊಗಳಿದ್ದುಂಟು. ಅಂದು ಬೋರ್ಡಪ್ಪನವರು ತಲೆಯಾಡಿಸಿ ತಗಡು ಒರೆಸತೊಡಗಿದರು. ಆ ಹೊಗಳಿಕೆ ಹಿತವಾಗಿತ್ತೆಂದೂ, ಆದರೆ ಅದನ್ನು ಮನೆಯಲ್ಲಿ ಹೇಳಿಕೊಳ್ಳಲಾಗಲಿಲ್ಲವೆಂದೂ ತಮ್ಮ ಹೇಳಿಕೆಯಲ್ಲಿ ಬರೆಸಿದ್ದಾರೆ.

ಸಮಿತಿಯು ಬೆಳಿಗ್ಗೆ ಹನ್ನೊಂದಕ್ಕೆ ನೆರಳುಮನೆಯಲ್ಲಿ ಸೇರಿತು. ಈ ಸುತ್ತೋಲೆಗೆ ಸಹಿ ಮಾಡಿರುವ ಉಪನಿರ್ದೇಶಕರು, ಸಿಬ್ಬಂದಿ ಶಾಖೆಯ ಅಧೀಕ್ಷಕರು ಹಾಗೂ ಪತ್ರ ಬರೆದ ವಿಜ್ಞಾನಿಯವರು ಹಾಜರಿದ್ದರು. ಕಚೇರಿಯಿಂದ ಹೊರಿಸಿ ತಂದ ಮೂರು ಕುರ್ಚಿಗಳ ಪೈಕಿ ಅಧೀಕ್ಷಕರ ಕುರ್ಚಿಯ ಒಂದು ಕಾಲು ಕೊಂಬುಹಾವಸೆಯ ಮೇಲೆ ಊರಿ, ಫಿರ್ಯಾದುದಾರ ಸಸ್ಯಕ್ಕೇ ಗಾಯವಾಯಿತು; ಇದಕ್ಕೆ ಪ್ರತ್ಯೇಕ ಕಡತ ತೆರೆಯಲಾಗಿದೆ. ಬೋರ್ಡಪ್ಪನವರು ಮಣೆಯ ಮೇಲೆ ಕೂತು ಕುಂಚ ಅದ್ದಿದರು. ‘ಜ’ ಶುರುವಾಗುವ ಮೊದಲೇ ಬಣ್ಣದ ಹನಿ ಬಿತ್ತು. ತಗಡು ಒರೆಸಿದರು. ಎರಡನೇ ತಗಡು ತೆಗೆದರು. ಆತುರವಿಲ್ಲ, ನಿಧಾನಕ್ಕೆ ಬರೆಯಿರಿ ಎಂದು ಉಪನಿರ್ದೇಶಕರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು, ಅದರಿಂದ ನಡುಕವು ಭುಜದವರೆಗೆ ಏರಿದ್ದು ಸಮಿತಿಯ ಗಮನಕ್ಕೆ ಬಂದಿದೆ. ಮೂರನೇ ತಗಡಿಗೆ ಬೋರ್ಡಪ್ಪನವರು ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡರು. ಎರಡೂ ಕೈ ಕೂಡಿಯೇ ನಡುಗಿದವು.

ಆಗ ನಲ್ಲಿಯ ಸದ್ದು ನಿಂತಿತು. ಅಷ್ಟು ಹೊತ್ತು ನೀರು ಬೀಳುತ್ತಿದ್ದುದು ಸಮಿತಿಗೆ ಗೊತ್ತಾದದ್ದೇ ಅದು ನಿಂತ ಮೇಲೆ. ನೆರಳುಮನೆಗೆ ಹತ್ತೊಂಬತ್ತು ವರ್ಷಗಳಿಂದ ನೀರು ಹಾಯಿಸುವವರು, ಎಲ್ಲರೂ ನೀರಕ್ಕ ಎಂದು ಕರೆಯುವವರು, ಕೊಳವೆಯನ್ನು ಸುತ್ತಿ ಗೂಟಕ್ಕೆ ಹಾಕಿ, ಸೊಂಟದ ಬಟ್ಟೆಗೆ ಕೈ ಒರೆಸಿಕೊಳ್ಳುತ್ತ ಬಂದು ಸಮಿತಿಯ ಮುಂದೆ ನಿಂತರು. ನಿಮ್ಮನ್ನು ಕರೆದಿಲ್ಲವೆಂದು ಅಧೀಕ್ಷಕರು ತಿಳಿಸಿದರು. ನೀರಕ್ಕ ತಮ್ಮ ಬಲಗೈಯನ್ನು ಮುಂದೆ ಚಾಚಿ ಹೇಳಿದ ಮಾತನ್ನು ಇದ್ದದ್ದು ಇದ್ದ ಹಾಗೆ ದಾಖಲಿಸಲಾಗಿದೆ:

“ಅವರ ಕೈ ನನ್ನ ಹತ್ರ ಇದೆ, ಸಾರ್.”

ಹಾಗೆಂದು ಮಣೆಯ ಪಕ್ಕ ಕುಳಿತು, ಬೋರ್ಡಪ್ಪನವರ ಬೆರಳುಗಳಿಂದ ಕುಂಚ ಬಿಡಿಸಿಕೊಂಡು, ಹನ್ನೊಂದು ನಿಮಿಷಗಳಲ್ಲಿ ಫಲಕ ಬರೆದು ಮುಗಿಸಿದರು. ‘ರೀ’ ಬಂದ ಕಡೆ ದೀರ್ಘದ ಬಾಲವು ಒಳಕ್ಕೆ ಸುರುಳಿ ಸುತ್ತಿತು. ಬೋರ್ಡಪ್ಪನವರು ಕಣ್ಣು ಮುಚ್ಚಿಕೊಂಡಿದ್ದರು.

ವಿಚಾರಣೆಯಿಂದ ತಿಳಿದುಬಂದಿದ್ದಿಷ್ಟು. ನೀರಕ್ಕ ಓದಿರುವುದು ಮೂರನೇ ತರಗತಿ. ನೆರಳುಮನೆಯ ತೊಟ್ಟಿ ತುಂಬಲು ನಲವತ್ತು ನಿಮಿಷ ಬೇಕು. ಆ ನಲವತ್ತು ನಿಮಿಷ ಸುಮ್ಮನೆ ಕೂರುವುದು ಕಷ್ಟವಾಗಿ, ಇವರು ಒದ್ದೆ ಬೆರಳಿನಿಂದ ಚಪ್ಪಡಿಯ ಮೇಲೆ ಎದುರಿಗಿದ್ದ ಫಲಕಗಳ ಅಕ್ಷರಗಳನ್ನು ನೋಡಿ ನೋಡಿ ಬರೆಯುತ್ತಿದ್ದರು. ಬರೆದದ್ದು ಆರಿಹೋಗುತ್ತಿದ್ದುದರಿಂದ ಚಪ್ಪಡಿ ಎಂದೂ ತುಂಬಲಿಲ್ಲ. ಮರೆತುಹೋದ ಓದು ಹೀಗೆ ಮರಳಿ ಬಂತು. ಕೆಲವು ವರ್ಷ ಇವರಿಗೆ ಬರೆಯಲು ಬರುತ್ತಿದ್ದುದು ಗಿಡಗಳ ಹೆಸರು ಮಾತ್ರ. ಸುರುಳಿಯನ್ನೂ ಅಕ್ಷರದ ಭಾಗವೆಂದೇ ತಿಳಿದು ಕಲಿತರು. ಯಾರೂ ಕಲಿಸಲಿಲ್ಲ, ಕಲಿಯುತ್ತೇನೆಂದು ಇವರೂ ಯಾರಿಗೂ ಹೇಳಲಿಲ್ಲ. ಮೂರು ವರ್ಷದ ಕೆಳಗೆ ಒಂದು ದಿನ ಬೋರ್ಡಪ್ಪನವರು ಖಾಲಿ ತಗಡಿನ ಮುಂದೆ ಒಂದು ತಾಸು ಕೂತದ್ದನ್ನು ನೋಡಿ, ನೀವು ಹೇಳಿ ನಾನು ಎಳೀತೀನಿ ಎಂದು ಕುಂಚ ಕೇಳಿದ್ದಷ್ಟೇ ತಮ್ಮ ತಪ್ಪು ಎಂದು ಒಪ್ಪಿಕೊಂಡಿದ್ದಾರೆ. ಅಂದಿನಿಂದ ತಗಡು ಕತ್ತರಿಸುವುದು, ಬಣ್ಣ ಕಲೆಸುವುದು, ಒಕ್ಕಣೆ ಹೇಳುವುದು ಅವರು, ಎಳೆಯುವುದು ಇವರು. ಯಾರಾದರೂ ಬಂದರೆ ಇರಲಿ ಎಂದು ಬೋರ್ಡಪ್ಪನವರು ಒಣ ಕುಂಚವೊಂದನ್ನು ಹಿಡಿದು ಪಕ್ಕದಲ್ಲಿ ಕೂರುತ್ತಿದ್ದರು.

ಹಾಗಾದರೆ ಸುರುಳಿಯ ಮೂಲ ಒಡೆಯರು ಯಾರೆಂಬ ಪ್ರಶ್ನೆ ಉದ್ಭವಿಸಿತು. ಬೋರ್ಡಪ್ಪನವರ ಹೇಳಿಕೆ: “ನಮ್ಮಪ್ಪ ದರ್ಜಿ. ಅವರು ಬಟ್ಟೆ ಮೇಲೆ ಸೀಮೆಸುಣ್ಣದ ಗೆರೆ ಎಳೆದದ್ದು ಬಿಟ್ರೆ ಏನೂ ಬರೀಲಿಲ್ಲ. ನಾನು ಗ್ಯಾರೇಜಲ್ಲಿ ಬಸ್ಸು ತೊಳೀತಿದ್ದಾಗ ಪಕ್ಕದ ಶೆಡ್ಡಲ್ಲಿ ಒಬ್ಬರು ಬಸ್ಸಿನ ಮೇಲೆ ಊರಿನ ಹೆಸರು ಬರೀತಿದ್ರು. ಆ ಬಾಲ ಅವರದು. ಕೇಳಿ ತರಲಿಲ್ಲ.” ಸದರಿ ಬಸ್ಸು ಬರೆಯುವವರಿಗೆ ನೋಟಿಸು ಜಾರಿ ಮಾಡಲು ಪ್ರಯತ್ನಿಸಲಾಗಿ, ಅವರ ವಿಳಾಸ ಸಿಕ್ಕಿರುವುದಿಲ್ಲ. ಬಸ್ಸು ಸಿಕ್ಕಿದೆ. ನೋಟಿಸನ್ನು ಬಸ್ಸಿಗೆ ಅಂಟಿಸಲಾಗಿದೆ.

ಇದೆಲ್ಲದರ ಮೇಲೆ ಅಧೀಕ್ಷಕರು, ತಮ್ಮ ಕೆಲಸವನ್ನು ಬೇರೆಯವರಿಂದ ಮಾಡಿಸಿದವರನ್ನೂ ತಮ್ಮದಲ್ಲದ ಕೆಲಸವನ್ನು ಮಾಡಿದವರನ್ನೂ ಸೇವೆಯಿಂದ ತೆಗೆಯತಕ್ಕದ್ದೆಂಬ ನಿಯಮವನ್ನು ತೋರಿಸಿ ಎರಡು ಆದೇಶಗಳನ್ನು ಟೈಪು ಮಾಡಿಸಿ ಸಹಿಗೆ ಇಟ್ಟರು. ಆದೇಶಗಳು ಎರಡು ದಿನ ಉಪನಿರ್ದೇಶಕರ ಮೇಜಿನ ಮೇಲಿದ್ದವು. ಅಧೀಕ್ಷಕರು ದಿನಕ್ಕೆ ಮೂರು ಬಾರಿ ಬಂದು ಪೆನ್ನಿನ ಮುಚ್ಚಳ ತೆಗೆದಿಟ್ಟು ಹೋಗುತ್ತಿದ್ದರು.

ಆ ಎರಡು ದಿನಗಳ ನಡುವೆ ಬೋರ್ಡಪ್ಪನವರು ತಮ್ಮ ಡ್ರಾಯರನ್ನು ಖಾಲಿ ಮಾಡಿ, ಮನೆಗೆ ಹೋಗಿ, ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು ಮೂರು ವರ್ಷದ ಕಥೆಯನ್ನು ಮೊದಲಿನಿಂದ ಹೇಳಿದರು. ಹೆಂಡತಿ ಪೂರ್ತಿ ಕೇಳಿದ ಮೇಲೆ ಆಡಿದ ಮಾತನ್ನು ಮುಂದುವರಿದ ಹೇಳಿಕೆಯಿಂದ ಎತ್ತಿಕೊಳ್ಳಲಾಗಿದೆ: “ಮೂರು ವರ್ಷದಿಂದ ನಿಮ್ಮ ಲೋಟಕ್ಕೆ ಚಹಾ ಅರ್ಧಕ್ಕೇ ಹಾಕಿ ಕೊಡ್ತಿದೀನಿ. ಯಾಕೆ ಅಂದ್ಕೊಂಡ್ರಿ?” ಬೋರ್ಡಪ್ಪನವರು ಇದನ್ನು ಬರೆಸುವಾಗ ಹತ್ತು ನಿಮಿಷ ವಿರಾಮ ಕೇಳಿದ್ದು, ಮಂಜೂರು ಮಾಡಲಾಗಿದೆ. ಅವರು ಈ ಮುಂದುವರಿದ ಹೇಳಿಕೆ ಕೊಡಲು ಬಂದದ್ದು ತಮ್ಮ ಸಲುವಾಗಿ ಅಲ್ಲ. ನೀರಕ್ಕನನ್ನು ತೆಗೆಯಬಾರದು, ಬೇಕಿದ್ದರೆ ತಮ್ಮನ್ನು ಎರಡು ಸಲ ತೆಗೆಯಬಹುದು ಎಂದು ತಿಳಿಸುವುದಕ್ಕೆ. ಒಬ್ಬರನ್ನು ಎರಡು ಸಲ ತೆಗೆಯಲು ನಿಯಮದಲ್ಲಿ ಅವಕಾಶವಿಲ್ಲವೆಂದು ಅವರಿಗೆ ವಿವರಿಸಲಾಯಿತು.

ಎರಡನೇ ದಿನ ಉಪನಿರ್ದೇಶಕರು ವಿಜ್ಞಾನಿಯವರನ್ನು ಕರೆಸಿ, ಜರೀಗಿಡದಿಂದ ಆ ವಂಶವಾಹಿಯನ್ನು ವಾಪಸು ಪಡೆದು ಕೊಂಬುಹಾವಸೆಗೆ ಕೊಡಿಸಿದರೆ ಏನಾಗುತ್ತದೆಂದು ವಿಚಾರಿಸಿದರು. ವಿಜ್ಞಾನಿಯವರು ಹೇಳಿದ್ದು: “ಕೊಟ್ಟವರ ಹತ್ರ ಏನೂ ಕಡಿಮೆ ಆಗಿಲ್ಲ ಸಾರ್, ಅವರದು ಅವರ ಹತ್ರಾನೇ ಇದೆ. ದೊಡ್ಡ ಮರಗಳು ಬೆಳೆದು ಕೆಳಗೆಲ್ಲ ಕತ್ತಲಾದಾಗ, ಇವು ಪಕ್ಕದವರ ಕಣ್ಣಿಂದ ನೋಡಿ ಬದುಕಿದವು ಅಂತ ನಮ್ಮ ಊಹೆ. ವಾಪಸು ಇಸ್ಕೊಂಡ್ರೆ ನಿಮಗೆ ಖಾಲಿ ಕುಂಡ ಸಿಗುತ್ತೆ.” ಅಡ್ಡಲಾಗಿ ಬಂದದ್ದೆಂದು ಹೇಗೆ ಗೊತ್ತಾಗುತ್ತದೆಂದು ಕೇಳಲಾಗಿ, ಒಡಹುಟ್ಟಿದವರಲ್ಲಿ ಇಲ್ಲದ್ದು ದೂರದ ಪರಕೀಯನಲ್ಲಿ ಅಂಕುಡೊಂಕು ಸಮೇತ ಹಾಗೇ ಇದ್ದರೆ ಅನುಮಾನವೇ ಬೇಡವೆಂದರು. ಉಪನಿರ್ದೇಶಕರು ಪೆನ್ನಿನ ಮುಚ್ಚಳ ಹಾಕಿದರು.

ಮೇಲಿನ ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ ಈ ಕೆಳಕಂಡಂತೆ ಸೂಚಿಸಲಾಗಿದೆ.

೧. ಈ ಸುತ್ತೋಲೆಯಲ್ಲಿ ‘ಪಕ್ಕ’ ಎಂದರೆ ಮೂರು ಮೊಳದೊಳಗಿನ ಅಂತರ. ಮೊಳವು ತೋಟದ ಮೇಸ್ತ್ರಿಯವರದ್ದಾಗಿರತಕ್ಕದ್ದು. ಅವರು ರಜೆಯಲ್ಲಿದ್ದ ದಿನ ಯಾವ ಗಿಡವೂ ಯಾವ ಗಿಡದ ಪಕ್ಕದಲ್ಲಿಯೂ ಇರುವುದಿಲ್ಲ.

೨. ಜರೀಗಿಡವು ವಂಶವಾಹಿ ಪಡೆದ ಬಗ್ಗೆ ಇಲಾಖೆಗೆ ತಿಳಿಸುವಲ್ಲಿ ಆಗಿರುವ ಹದಿನೆಂಟು ಕೋಟಿ ವರ್ಷಗಳ ವಿಳಂಬವನ್ನು, ಆ ಅವಧಿಯ ಬಹುಭಾಗ ಇಲಾಖೆಯೇ ಅಸ್ತಿತ್ವದಲ್ಲಿರಲಿಲ್ಲವೆಂಬ ಕಾರಣಕ್ಕೆ ಮನ್ನಿಸಲಾಗಿದೆ. ಪಡೆದುದನ್ನು ಹಿಂತಿರುಗಿಸತಕ್ಕದ್ದಿಲ್ಲ. ಆದರೆ ಇದನ್ನು ಪೂರ್ವನಿದರ್ಶನವೆಂದು ಪರಿಗಣಿಸಿ ಬೇರೆ ಗಿಡಗಳು ಹಕ್ಕು ಸಾಧಿಸತಕ್ಕದ್ದಲ್ಲ.

೩. ಇನ್ನು ಮುಂದೆ ನೆರೆಯ ಜಾತಿಯಿಂದ ವಂಶವಾಹಿ ಪಡೆಯಲಿಚ್ಛಿಸುವ ಸಸ್ಯಗಳು ನಿಗದಿತ ನಮೂನೆಯಲ್ಲಿ, ಮೂರು ಪ್ರತಿಗಳಲ್ಲಿ, ತೋಟದ ಮೇಸ್ತ್ರಿಯವರ ಮುಖಾಂತರ ಅರ್ಜಿ ಸಲ್ಲಿಸತಕ್ಕದ್ದು. ಎಲೆ ಉದುರಿಸುವುದನ್ನು ಅರ್ಜಿಯೆಂದು ಪರಿಗಣಿಸಲಾಗುವುದಿಲ್ಲ.

೪. ಬುಡ ಒಂದು ಶಾಖೆಯಲ್ಲಿದ್ದು ಬೇರು ಇನ್ನೊಂದು ಶಾಖೆಗೆ ಹೋಗಿರುವ ಮರಗಳು ಬೇರಿನ ಶಾಖೆಯಿಂದ ನಿರಾಕ್ಷೇಪಣಾ ಪತ್ರ ತರತಕ್ಕದ್ದು. ಮರದ ಬದಲಿಗೆ ಬೇರೇ ಖುದ್ದಾಗಿ ಹಾಜರಾಗುವಂತಿಲ್ಲ.

೫. ಎಲೆಯೂ ಬೇರೂ ಇಲ್ಲದೆ ಆಶ್ರಯ ಕೊಟ್ಟ ಗಿಡಕ್ಕೇ ಬಾಯಿ ಹಾಕಿ ಬದುಕುವ ಹಳದಿ ಆಕಾಶಬಳ್ಳಿಯು ಆಶ್ರಯದಾತರಿಂದ ಹಲವಾರು ವಂಶವಾಹಿಗಳನ್ನು ಹೊಡೆದುಕೊಂಡಿರುವುದಾಗಿ ವಿಜ್ಞಾನಿಯವರು ಮಾತಿನ ಮಧ್ಯೆ ತಿಳಿಸಿರುತ್ತಾರೆ. ಉಂಡ ಮನೆಯ ಜಂತೆ ಎಣಿಸುವ ಈ ನಡವಳಿಕೆಯನ್ನು ಇಲಾಖೆಯು ಗಂಭೀರವಾಗಿ ಪರಿಗಣಿಸಿದೆ. ಸದರಿ ಬಳ್ಳಿಯು ಪ್ರತಿದಿನ ಬೆಳಿಗ್ಗೆ ತಾನು ಯಾರ ಮೇಲಿದ್ದೇನೆಂದು ಹಾಜರಿ ಪುಸ್ತಕದಲ್ಲಿ ನಮೂದಿಸತಕ್ಕದ್ದು.

೬. ಕಸಿ ಕಟ್ಟುವ ಕತ್ತಿ, ಕೀಟಗಳು ಹಾಗೂ ಗಾಳಿ ಇವು ಮಧ್ಯವರ್ತಿಗಳಾಗಿ ವರ್ತಿಸುವ ಸಾಧ್ಯತೆ ಇರುವುದರಿಂದ, ಕತ್ತಿಯನ್ನು ಸಂಜೆ ಐದಕ್ಕೆ ಉಗ್ರಾಣದಲ್ಲಿ ಬೀಗ ಹಾಕಿ ಇಡತಕ್ಕದ್ದು. ಕೀಟಗಳು ಸಂದರ್ಶಕರ ಬಾಗಿಲಿನಿಂದಲೇ ಬರತಕ್ಕದ್ದು. ಗಾಳಿಯ ವಿಷಯ ಮೇಲಧಿಕಾರಿಗಳ ಪರಿಶೀಲನೆಯಲ್ಲಿದೆ.

೭. ಸಿಬ್ಬಂದಿ ವರ್ಗದವರು ಪಕ್ಕದ ಮೇಜಿನವರಿಂದ ಪಡೆದ ಕೆಮ್ಮು, ನಗು, ನಡಿಗೆ, ಸಹಿಯ ವೈಖರಿ, ಮಾತಿನ ಚಾಳಿ ಇತ್ಯಾದಿಗಳನ್ನು ಮೂವತ್ತು ದಿನಗಳೊಳಗಾಗಿ ಘೋಷಿಸಿಕೊಳ್ಳತಕ್ಕದ್ದು. ಟಪಾಲು ಗುಮಾಸ್ತರು ಹಾಗೂ ಉಗ್ರಾಣ ಪಾಲಕರು ಇಬ್ಬರೂ ಮಾತಿಗೆ ಮುನ್ನ ಒಂದೇ ರೀತಿ ಗಂಟಲು ಸರಿಪಡಿಸಿಕೊಳ್ಳುತ್ತಿದ್ದು, ಮೂಲ ಯಾರದೆಂಬುದನ್ನು ಸೇವಾ ಹಿರಿತನದ ಮೇಲೆ ತೀರ್ಮಾನಿಸಲಾಗುವುದು. ಈ ಕಂಡಿಕೆಯಂತೆ ಉಪನಿರ್ದೇಶಕರು ಘೋಷಿಸಿಕೊಳ್ಳುವುದೇನೆಂದರೆ: ‘ಈ ಮೂಲಕ ಸೂಚಿಸಲಾಗಿದೆ’ ಎಂಬ ಮಾತು ಇವರ ಸ್ವಂತದ್ದಲ್ಲ. ಇವರ ತಂದೆ ಬೇಕರಿಯಲ್ಲಿ ರೊಟ್ಟಿ ಸುಡುತ್ತಿದ್ದವರು, ಏನನ್ನೂ ಯಾರಿಗೂ ಸೂಚಿಸಿದವರಲ್ಲ. ಸದರಿ ಮಾತನ್ನು ಇವರು ಕೆಲಸಕ್ಕೆ ಸೇರಿದ ಹೊಸದರಲ್ಲಿ ಪಕ್ಕದ ಮೇಜಿನಲ್ಲಿದ್ದ ಒಬ್ಬ ಹಿರಿಯ ಗುಮಾಸ್ತರಿಂದ ಪಡೆದರು. ಅವರು ಈಗಿಲ್ಲ. ಮಾತು ಇದೆ.

೮. ಇಪ್ಪತ್ತೈದು ವರ್ಷಕ್ಕೂ ಮೇಲ್ಪಟ್ಟು ಸಂಸಾರ ನಡೆಸಿರುವ ಗಂಡ ಹೆಂಡಿರಿಗೆ ಮೇಲಿನ ಕಂಡಿಕೆ ಅನ್ವಯಿಸುವುದಿಲ್ಲ. ಯಾವುದು ಯಾರದೆಂದು ಬಿಡಿಸಲು ಇಲಾಖೆಯಲ್ಲಿ ಸಾಕಷ್ಟು ಸಿಬ್ಬಂದಿ ಇರುವುದಿಲ್ಲ.

೯. ‘ದೃಷ್ಟಿ: ಪರರದ್ದು’ ಎಂಬ ಒಕ್ಕಣೆಯು ಜರೀಗಿಡಕ್ಕೆ ಅವಮಾನಕರವೆಂದು ನೀರಕ್ಕ ತಮ್ಮ ಮೂರು ಸಾಲಿನ ಹೇಳಿಕೆಯ ಮೂರನೇ ಸಾಲಿನಲ್ಲಿ ಆಕ್ಷೇಪಿಸಿದ್ದು, ಪುರಸ್ಕರಿಸಲಾಗಿದೆ. ಫಲಕದಲ್ಲಿ ಇನ್ನು ಮುಂದೆ ‘ಕೊಂಬುಹಾವಸೆ ಕೊಟ್ಟ ಕಣ್ಣಿನಿಂದ ನೋಡುತ್ತದೆ’ ಎಂದು ಬರೆಯತಕ್ಕದ್ದು. ದೀರ್ಘದ ಬಾಲವನ್ನು ಒಳಕ್ಕೆ ಸುತ್ತುವುದನ್ನು ಈ ಮೂಲಕ ಕ್ರಮಬದ್ಧಗೊಳಿಸಲಾಗಿದೆ.

೧೦. ಟೈಪು ಮಾಡಿಸಿ ಇಟ್ಟಿದ್ದ ಎರಡೂ ಆದೇಶಗಳನ್ನು ರದ್ದುಪಡಿಸಲಾಗಿದೆ. ಬೋರ್ಡಪ್ಪನವರನ್ನು ನೀರು ಹಾಯಿಸುವ ಹುದ್ದೆಗೂ, ನೀರಕ್ಕನವರನ್ನು ನಾಮಫಲಕ ಬರೆಯುವ ಹುದ್ದೆಗೂ ಪರಸ್ಪರ ವರ್ಗಾಯಿಸಲಾಗಿದೆ. ವರ್ಗಾವಣೆ ನಿಷೇಧ ಜಾರಿಯಲ್ಲಿದೆಯೆಂದು ಅಧೀಕ್ಷಕರು ಆಕ್ಷೇಪಿಸಿರುತ್ತಾರೆ. ಉಲ್ಲೇಖ (೨)ನ್ನು ಮತ್ತೊಮ್ಮೆ ಓದಲಾಗಿ, ಅದರಲ್ಲಿ ಮೇಲಕ್ಕೆ ಮತ್ತು ಕೆಳಕ್ಕೆ ಎಂದಷ್ಟೇ ಇದ್ದು, ಅಡ್ಡಕ್ಕೆ ಎಂದು ಎಲ್ಲಿಯೂ ಇರುವುದಿಲ್ಲ.

೧೧. ನಡುಗುವ ಕೈಯಿಂದ ನೀರು ಹಾಯಿಸುವ ಕೆಲಸ ನಡೆದೀತೇ ಎಂಬ ಬಗ್ಗೆ ಸೋಮವಾರ ಬೆಳಿಗ್ಗೆ ಸಮಿತಿಯ ಎದುರು ಪರೀಕ್ಷೆ ಏರ್ಪಡಿಸಲಾಗಿತ್ತು. ನೆಟ್ಟಗೆ ಹಿಡಿದ ಕೊಳವೆಯು ಮಣ್ಣಿನಲ್ಲಿ ಗುಳಿ ತೋಡುತ್ತದೆ. ಬೋರ್ಡಪ್ಪನವರು ಹಿಡಿದಾಗ ನೀರು ಜರಡಿ ಹಿಡಿದಂತೆ ಸಣ್ಣಗೆ, ಸಮನಾಗಿ ಚಿಮ್ಮಿ ಎಳೆಯ ಎಲೆಗಳ ಮೇಲೆ ಮುತ್ತು ಕೂತಂತೆ ಕೂತಿತು. ಈ ಕೆಲಸಕ್ಕೆ ಇದಕ್ಕಿಂತ ತಕ್ಕ ಕೈ ಉದ್ಯಾನದಲ್ಲಿಲ್ಲವೆಂದು ತೋಟದ ಮೇಸ್ತ್ರಿಯವರು ಪ್ರಮಾಣೀಕರಿಸಿದ್ದಾರೆ. ಎರಡನೇ ಸಾಲು ಮುಗಿಯುವ ಹೊತ್ತಿಗೆ ಬೋರ್ಡಪ್ಪನವರು ಎಡಗೈಯನ್ನು ಜೇಬಿಗಿಳಿಸಿ, ಒಂದೇ ಕೈಯಿಂದ ಕೆಲಸ ಮಾಡುತ್ತಿದ್ದರು. ಮೂರನೇ ಸಾಲಿನಲ್ಲಿ ಕೊಳವೆ ತಿರುಚಿಕೊಂಡು ಮೊಣಕಾಲಿನಿಂದ ಕೆಳಗೆ ಪೂರ್ತಿ ತೊಯ್ದುಹೋದರೂ ನಿಲ್ಲಿಸಲಿಲ್ಲ. ಅಧೀಕ್ಷಕರ ಬೂಟೂ ತೊಯ್ದಿತು; ಅದು ಉದ್ದೇಶಪೂರ್ವಕವಲ್ಲವೆಂದು ಸಮಿತಿಯು ಎರಡು ಮತಗಳಿಂದ ತೀರ್ಮಾನಿಸಿದೆ.

ಮೇಲಿನ ಸ್ಥಳದಲ್ಲಿ ನಗು ಕೇಳಿಬಂದ ಬಗ್ಗೆ ಕಡತದಲ್ಲಿ ಟಿಪ್ಪಣಿ ಇದ್ದು, ಯಾರದೆಂದು ವಿಚಾರಿಸುವ ಅಗತ್ಯ ಕಂಡುಬಂದಿಲ್ಲ.

(ಸಹಿ ಇದೆ)
ಉಪನಿರ್ದೇಶಕರು, ಸಿಬ್ಬಂದಿ ಶಾಖೆ
ಸಸ್ಯೋದ್ಯಾನ ಇಲಾಖೆ

ಪ್ರತಿಗಳು:

(೧) ತೋಟದ ಮೇಸ್ತ್ರಿಯವರಿಗೆ, ಮೊಳದ ಅಳತೆಯನ್ನು ಕಚೇರಿಗೆ ಸಲ್ಲಿಸುವ ಸೂಚನೆಯೊಂದಿಗೆ.
(೨) ಟಪಾಲು ಗುಮಾಸ್ತರಿಗೆ, ಪೂರ್ತಿ ಓದತಕ್ಕದ್ದು.
(೩) ಜರೀಗಿಡಕ್ಕೆ, ಕುಂಡ ಸಂಖ್ಯೆ ೧ರಿಂದ ೨೧೪. ಹಿಂದಿನ ನೆನಪೋಲೆಗಳನ್ನು ನಿಧಾನವಾಗಿ, ಎಲೆ ಹರಿಯದಂತೆ ಕೀಳುವುದು.
(೪) ಕೊಂಬುಹಾವಸೆಗೆ, ಕುರ್ಚಿಯಿಂದಾದ ಗಾಯದ ಬಗ್ಗೆ ವಿಷಾದದೊಂದಿಗೆ.
(೫) ಬಸ್ಸಿಗೆ.
(೬) ನೀರಕ್ಕನವರಿಗೆ, ಹೊಸ ಹುದ್ದೆಯ ಮೊದಲ ಕುಂಚದೊಂದಿಗೆ. ಸ್ವೀಕೃತಿಗೆ ಹೆಬ್ಬೆಟ್ಟು ಕೇಳತಕ್ಕದ್ದಲ್ಲ.
(೭) ಅಧೀಕ್ಷಕರಿಗೆ, ಬೂಟು ಒಣಗಿದ ಬಳಿಕ.
(೮) ಬೋರ್ಡಪ್ಪನವರ ಹೆಂಡತಿಯವರಿಗೆ: ಇನ್ನು ಮುಂದೆ ಯಜಮಾನರು ಸಂಜೆ ಒದ್ದೆ ಪ್ಯಾಂಟಿನಲ್ಲಿ ಮನೆಗೆ ಬಂದಲ್ಲಿ, ಅದು ಕರ್ತವ್ಯದ ಮೇಲೆ ಒದ್ದೆಯಾದದ್ದೆಂದು ಇಲಾಖೆಯು ದೃಢೀಕರಿಸುತ್ತದೆ.